ದಿನದ ಚಿಂತನೆ: ಸೋಸುಬಟ್ಟೆಯಲ್ಲಿ ಉಳಿದ ಜೀವಗಳು



ಭಿಕ್ಖುವಿನ ಎಂಟು ಪರಿಷ್ಕಾರಗಳಲ್ಲಿ ನೀರು ಸೋಸುವ ಬಟ್ಟೆಯೂ ಒಂದು. ಪಾಲಿಯಲ್ಲಿ ಅದಕ್ಕೆ ಪರಿಸ್ಸಾವನ ಎನ್ನುತ್ತಾರೆ. ಕುಡಿಯುವ ನೀರಿನ ಜೊತೆ ಸಣ್ಣ ಜೀವಗಳು ಹೊಟ್ಟೆಗೆ ಹೋಗಬಾರದೆಂದು ಈ ಏರ್ಪಾಡು. ಕಣ್ಣಿಗೆ ಸರಿಯಾಗಿ ಕಾಣದ ಜೀವವೂ ಸಂಘದ ಲೆಕ್ಕದಲ್ಲಿತ್ತು.

ಕೆರೆಯ ನೀರು ಸೋಸಿದರೆ ಬಟ್ಟೆಯಲ್ಲಿ ಉಳಿಯುವವರು ಯಾರು? ನೀರುಚಿಗಟ ಎಂದು ಕರೆಯುವ ಡಾಫ್ನಿಯಾ, ಅದಕ್ಕಿಂತ ಚಿಕ್ಕ ಬೋಸ್ಮಿನಾ, ಹೀಗೆ ಹಲವು. ವಿಜ್ಞಾನದ ಪುಸ್ತಕದಲ್ಲಿ ಇವು ಪ್ರಾಣಿಪ್ಲವಕಗಳು. (ಪ್ಲವ ಎಂದರೆ ತೇಲುವುದು. ಕನ್ನಡ ಟೀಚರ್ ನಾನು, ಹೇಳದೆ ಇರಲಾರೆ.)

ಈ ಪುಟ್ಟ ಲೋಕದಲ್ಲಿ ಯಾರು ಯಾರೊಡನೆ ಬದುಕಬಹುದು ಎನ್ನುವುದು ಬಹುಮಟ್ಟಿಗೆ ಮೀನಿನ ಕೈಯಲ್ಲಿದೆ. ಅಮೆರಿಕದ ಕನೆಕ್ಟಿಕಟ್‌ನಲ್ಲಿ ಕ್ರಿಸ್ಟಲ್ ಲೇಕ್ ಎಂಬ ಸರೋವರವಿದೆ. 1942ರಲ್ಲಿ ಅಲ್ಲಿ ಬಲೆ ಹಾಕಿ ಸೋಸಿದಾಗ ದೊಡ್ಡ ಡಾಫ್ನಿಯಾಗಳು ಧಾರಾಳವಾಗಿ ಸಿಕ್ಕವು. ಆಮೇಲೆ ಪ್ಲವಕ ತಿನ್ನುವ ಹೆರಿಂಗ್ ಜಾತಿಯ ಒಂದು ಮೀನು ಆ ನೀರಿಗೆ ಬಂತು. 1964ರಲ್ಲಿ ಮತ್ತೆ ಸೋಸಿದರೆ ದೊಡ್ಡವು ಮಾಯ, ಬೋಸ್ಮಿನಾದಂಥ ಚಿಕ್ಕವೇ ತುಂಬಿದ್ದವು. ಬ್ರೂಕ್ಸ್ ಮತ್ತು ಡಾಡ್ಸನ್ ಎಂಬ ವಿಜ್ಞಾನಿಗಳು 1965ರಲ್ಲಿ ಇದಕ್ಕೆ ಕಾರಣ ಬರೆದರು. ಮೀನಿನ ಕಾಟವಿಲ್ಲದಿದ್ದರೆ ದೊಡ್ಡವು ಪಾಚಿಯನ್ನು ಚೆನ್ನಾಗಿ ಸೋಸಿ ತಿನ್ನುತ್ತವೆ, ಚಿಕ್ಕವಕ್ಕೆ ಊಟ ಸಾಲುವುದಿಲ್ಲ. ಮೀನು ಹೆಚ್ಚಾದರೆ ಕಣ್ಣಿಗೆ ಬೀಳುವ ದೊಡ್ಡವೇ ಮೊದಲು ಅದರ ಬಾಯಿಗೆ. ಮೀನಿನ ಕಾಟ ಮಿತವಾಗಿದ್ದಾಗ ಎರಡೂ ಒಟ್ಟಿಗೆ ಉಳಿಯಬಲ್ಲವು.

ಇದನ್ನು ಹೇಳಿದಾಗ ನಮ್ಮ ಬಳಗದ ಅಕ್ಕ ಒಬ್ಬರು, "ಟೀಚರ್, ಇದೇ ಮಧ್ಯಮ ಮಾರ್ಗ ಅಲ್ವಾ?" ಎಂದರು. ನನಗೆ ಹಾಗನ್ನಿಸುವುದಿಲ್ಲ. ಮಧ್ಯಮ ಮಾರ್ಗ ತಿಳಿದು ನಡೆಯುವ ದಾರಿ. ಮೀನಿಗೆ ಗೊತ್ತಿರುವುದು ಹಸಿವು. ನೇಗಿಲ ಸಾಲಿನಲ್ಲಿ ಸತ್ತ ಹುಳುಗಳನ್ನು ಕಂಡ ರಾಜಕುಮಾರ ಸಿದ್ಧಾರ್ಥ, ಲೋಕದ ನಿಯಮ ಎಷ್ಟು ಚೆಂದ ಎನ್ನಲಿಲ್ಲ. ಮರುಗಿ, ನೇರಳೆ ಮರದ ಕೆಳಗೆ ಧ್ಯಾನಕ್ಕೆ ಕೂತ. ಸರೋವರದಲ್ಲಿ ನನಗೆ ಕಾಣುವುದು ಪಟಿಚ್ಚಸಮುಪ್ಪಾದ. ಚಿಕ್ಕದರ ಅನ್ನ ದೊಡ್ಡದರ ಸಂಖ್ಯೆಗೆ, ಆ ಸಂಖ್ಯೆ ಮೀನಿನ ಹಸಿವಿಗೆ ಕಟ್ಟುಬಿದ್ದಿದೆ.

ಈಗ ಬಳಗದಲ್ಲಿ ಮೊನ್ನೆ ಬಂದ ಸಲಹೆಯ ಬಗ್ಗೆ. ವೈಶಾಖ ಹುಣ್ಣಿಮೆಗೆ ಜೀವಂತ ಮೀನು ಕೊಂಡು ಕೆರೆಗೆ ಬಿಡೋಣ, ಜೀವದಾನವಾಗುತ್ತದೆ ಎಂದು ಕೆಲವರು ಬರೆದಿದ್ದೀರಿ. ಮನಸ್ಸು ಒಳ್ಳೆಯದು. ಆದರೆ ಆ ಮೀನು ಕೆರೆಯಲ್ಲಿ ಏನು ತಿನ್ನುತ್ತದೆ? ಪ್ಲವಕ ತಿನ್ನುವ ಮೀನಾದರೆ ದೊಡ್ಡ ಡಾಫ್ನಿಯಾಗಳು ಕರಗುತ್ತವೆ, ಪಾಚಿ ತಿನ್ನುವವರು ಕಡಿಮೆಯಾಗಿ ನೀರು ಹಸಿರುಗಟ್ಟಬಹುದು. ಒಂದು ಬುಟ್ಟಿ ಮೀನು ಬದುಕಿದ್ದು ನಮಗೆ ಕಾಣುತ್ತದೆ, ಫೋಟೋಕ್ಕೂ ಸಿಗುತ್ತದೆ. ಅದರ ಬಾಯಿಗೆ ಹೋಗುವ ಜೀವಗಳು ಸಿಗುವುದಿಲ್ಲ.

ಹಾಗಾಗಿ ನನ್ನ ಒಪ್ಪಿಗೆ ಇದಕ್ಕಿಲ್ಲ. ಆ ಹಣದಲ್ಲಿ ಕೆರೆ ದಂಡೆಯ ಪ್ಲಾಸ್ಟಿಕ್ ತೆಗೆಸೋಣ. ಬೇರೆ ಅಭಿಪ್ರಾಯವಿರುವವರು ಭಾನುವಾರ ವಂದನೆ ಮುಗಿದ ಮೇಲೆ ಸ್ವಲ್ಪ ಹೊತ್ತು ಉಳಿಯಿರಿ, ಕೂತು ಮಾತಾಡೋಣ.