ಸಹನೆ ಬೇರೆ, ಧೈರ್ಯ ಬೇರೆ

ನಮ್ಮ ಚರ್ಚಿನ ಬಾಗಿಲಿಗೆ ಮೂರು ಮೆಟ್ಟಿಲು. ಪ್ರತಿ ಭಾನುವಾರ ಇಬ್ಬರು ಹುಡುಗರು ಒಬ್ಬ ಅಕ್ಕನನ್ನು ವೀಲ್‌ಚೇರ್ ಸಮೇತ ಎತ್ತಿ ಒಳಗಿಡುತ್ತಾರೆ. ಕುರ್ಚಿ ಓಲಾಡುವಾಗ ಆಕೆ ಒಂದು ಕೈಯಲ್ಲಿ ಸೆರಗು, ಇನ್ನೊಂದರಲ್ಲಿ ಜಪಸರ ಬಿಗಿಹಿಡಿದು ಕಣ್ಣು ಮುಚ್ಚುತ್ತಾರೆ. ನೋಡಿದವರು ‘ಎಂಥಾ ಧೈರ್ಯ, ಎಂಥಾ ವಿಶ್ವಾಸ’ ಅನ್ನುತ್ತಾರೆ. ಆಕೆ ರ‍್ಯಾಂಪ್ ಕೇಳಿದ ದಿನ ಮಾತ್ರ ಯಾರೂ ಹಾಗನ್ನಲಿಲ್ಲ. ‘ದೇವರು ಕೊಟ್ಟ ಶಿಲುಬೆ, ಹೊರಬೇಕಮ್ಮ’ ಅಂದರು.

ಸಹನೆಯನ್ನೇ ಧೈರ್ಯವೆನ್ನುವ ಈ ಗೊಂದಲಕ್ಕೆ ದೊಡ್ಡವರ ಬೆಂಬಲವಿದೆ. ಧೈರ್ಯದ ಮುಖ್ಯ ಕೆಲಸ ಮೇಲೇರಿ ಹೋಗುವುದಲ್ಲ, ತಾಳಿಕೊಳ್ಳುವುದು ಎಂದು 13ನೇ ಶತಮಾನದ ದೇವತಾಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ವಾದಿಸಿದರು. ಅವರ ಕಣ್ಣೆದುರು ಇದ್ದವರು ಹುತಾತ್ಮರು, ಸತ್ಯಕ್ಕಾಗಿ ತಾಳಿದವರು. ಈ ಮೂರು ಮೆಟ್ಟಿಲನ್ನು ಅಕ್ಕ ಯಾವ ಸತ್ಯಕ್ಕಾಗಿ ತಾಳಬೇಕು? ಮೇಸ್ತ್ರಿಯ ಎರಡು ದಿನದ ಕೆಲಸದಲ್ಲಿ ಮುಗಿಯುವ ಕಷ್ಟ ಅದು. ಅಕ್ವಿನಾಸರ ಮಾತು ಸಂತರ ಕೈಯಿಂದ ಜಾರಿ ಚರ್ಚಿನ ಸಮಿತಿಯ ಕೈಗೆ ಬಂದರೆ ಹೀಗೇ ಆಗುತ್ತದೆ.

ಮಾರ್ಕನ ಶುಭಸಂದೇಶದ ಬಾರ್ತಿಮಾಯ ನನಗೆ ಹತ್ತಿರದವನು. ಕುರುಡ, ಜೆರಿಕೋ ದಾರಿಯಲ್ಲಿ ಕೂತ ಭಿಕ್ಷುಕ. ಯೇಸು ಬರುತ್ತಿದ್ದಾನೆಂದು ತಿಳಿದು ಕೂಗಿದ. ಸುಮ್ಮನಿರು ಎಂದು ಗದರಿದವರು ಯೇಸುವಿನ ಹಿಂದೆಯೇ ನಡೆಯುತ್ತಿದ್ದ ಜನ. ಆತ ಇನ್ನೂ ಜೋರಾಗಿ ಕೂಗಿದ. ಯೇಸು ನಿಂತ, ನಿನಗೇನು ಬೇಕು ಎಂದು ಕೇಳಿದ. ಕಣ್ಣಿಲ್ಲದವನಿಗೆ ಏನು ಬೇಕೆಂದು ಊಹಿಸುವುದು ಕಷ್ಟವಿರಲಿಲ್ಲ, ಆದರೂ ಅವನ ಬಾಯಿಂದಲೇ ಕೇಳಿಸಿಕೊಂಡ. ಕೊನೆಗೆ ಆ ಕೂಗನ್ನೇ ವಿಶ್ವಾಸ ಎಂದು ಕರೆದ. ನಮ್ಮ ಅಕ್ಕನಿಗೆ ಗುಣವಾಗಲಿ ಎಂದು ಪ್ರಾರ್ಥಿಸುವವರು ಬಹಳ ಮಂದಿ. ನಿನಗೇನು ಬೇಕು ಎಂದು ಕೇಳಿದವರು ಎಷ್ಟು ಜನ?

ಬಾಯಿಬಿಟ್ಟು ಕೇಳುವ ಇಂಥ ಧೈರ್ಯ ನಮ್ಮ ನೆಲದಲ್ಲೂ ಇತ್ತು. ಮಾಗಡಿ ತಾಲ್ಲೂಕಿನ ಕಲ್ಯದಲ್ಲಿ 1368ರ ಶಾಸನವಿದೆ. ಅದನ್ನು ವಿಜಯನಗರದ ಅರಸ ಬುಕ್ಕರಾಯನ ಉದಾರತೆಗೆ ಸಾಕ್ಷಿಯಾಗಿ ಓದುವುದು ರೂಢಿ. ನನಗೆ ಮೊದಲು ಕಾಣುವವರು ಶ್ರೀವೈಷ್ಣವರಿಂದ ಅನ್ಯಾಯವಾಯಿತೆಂದು ಅಹವಾಲು ಹೊತ್ತು ಹೋದ ಜೈನರು. ಅವರು ತಾಳಿಕೊಂಡು ಕೂತಿದ್ದರೆ ಶಾಸನವೇ ಹುಟ್ಟುತ್ತಿರಲಿಲ್ಲ. ರಾಯ ಅವರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟ; ಜೊತೆಗೆ ಪಂಚಮಹಾವಾದ್ಯ, ಕಳಶ ಬಸದಿಗೆ ಸಲ್ಲಬೇಕೆಂದು ಬರೆಸಿದ. ಕೈ ಹಿಡಿಸಿದ್ದು ಒಳ್ಳೆಯದೇ, ಬಸದಿಗೆ ಬೇಕಿದ್ದದ್ದು ವಾದ್ಯ ಮತ್ತು ಕಳಶ.

ಅಕ್ಕ ಕೇಳುವ ರ‍್ಯಾಂಪಿಗೆ ಕಾನೂನಿನ ಬಲವೂ ಇದೆ: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಧಾರ್ಮಿಕ ಚಟುವಟಿಕೆಯ ಕಟ್ಟಡವನ್ನೂ ಸಾರ್ವಜನಿಕ ಕಟ್ಟಡವೆಂದೇ ಎಣಿಸುತ್ತದೆ. ಕಾನೂನಿದ್ದರೂ ಕೇಳುವುದು ಸುಲಭವಲ್ಲ. ವಾರವಾರವೂ ಎತ್ತಿ ಒಳಗಿಡುವವರ ಮುಂದೆ ‘ಎತ್ತಬೇಡಿ’ ಅಂದರೆ ಉಪಕಾರ ಮರೆತವಳು ಅನ್ನಿಸಿಕೊಳ್ಳಬೇಕು. ಆ ಅಳುಕನ್ನು ದಾಟಲು ವಿಶ್ವಾಸ ಬೇಕು. ಇದು ತಂದೆಯ ಮನೆ, ಇಲ್ಲಿ ಕೇಳಲು ನನಗೂ ಸಲುಗೆಯಿದೆ ಎಂಬ ವಿಶ್ವಾಸ.

ಹೋದ ತಿಂಗಳು ಸಭೆಯಲ್ಲಿ ಅಕ್ಕ ಮತ್ತೆ ಕೇಳಿದರು. ಯಾರೂ ಮಾತಾಡಲಿಲ್ಲ. ಆಮೇಲೆ ಎತ್ತುವ ಹುಡುಗರಲ್ಲೊಬ್ಬ ಎದ್ದ: ‘ಅಕ್ಕ ಹೇಳೋದು ಸರಿ ಫಾದರ್. ಎಲ್ಲಿ ಬೀಳಿಸಿಬಿಡ್ತೀವೋ ಅಂತ ನಮಗೂ ಪ್ರತಿ ವಾರ ಭಯ ಆಗುತ್ತೆ.’