ಚಾಯ್ಸ್ ಎಂಬ ಮಾತು

ನಜರ್‌ಬಾದಿನ ಮಿನಿ ವಿಧಾನಸೌಧದ ತಾಲ್ಲೂಕು ಕಚೇರಿಗೆ ಜಾತಿ ಸರ್ಟಿಫಿಕೇಟು, ಆದಾಯದ ಸರ್ಟಿಫಿಕೇಟು ಅಂತ ಅಲೆಯುವ ನಮ್ಮ ಜನರ ಬಾಯಲ್ಲೂ ಈಗ ‘ಚಾಯ್ಸ್’ ಎಂಬ ಇಂಗ್ಲಿಷ್ ಮಾತು ಸಲೀಸಾಗಿ ಬರುತ್ತದೆ. ಆದರೆ ಹಿಂದೆಯೇ ಒಂದು ‘ಇಲ್ಲ’ವೂ ಬರುತ್ತದೆ: ‘ಚಾಯ್ಸೇ ಇಲ್ಲ ಕಣಪ್ಪ.’ ಪರೀಕ್ಷೆ ಬರೆಯುವ ಹುಡುಗರಿಗೆ ಅದು ಓದದೆ ಬಿಟ್ಟ ಪಾಠ; ‘ಚಾಯ್ಸ್‌ಗೆ ಬಿಟ್ಟೆ’ ಅಂತಾರೆ. ಉಳ್ಳವರು ಹೇಳಿದಾಗ ಮಾತ್ರ ಅದು ತೀರ್ಪು. ಮಗಳನ್ನು ಸ್ಕೂಲು ಬಿಡಿಸಿ ಕೂಲಿಗೆ ಕರಕೊಂಡು ಹೋದರೆ, ಅದು ಅವರ ಚಾಯ್ಸ್. ಮ್ಯಾನ್‌ಹೋಲಿಗೆ ಇಳಿದು ಸತ್ತರೆ, ಯಾರೂ ಬಲವಂತ ಮಾಡಿರಲಿಲ್ಲ. 2013ರ ಕಾಯ್ದೆ ಇಳಿದವನು ಒಪ್ಪಿದ್ದನೋ ಇಲ್ಲವೋ ಎಂದು ಕೇಳುವುದಿಲ್ಲ, ಇಳಿಸಿದವರು ಯಾರು ಎಂದು ಕೇಳುತ್ತದೆ.

ಕನ್ನಡದ ‘ಆಯ್ಕೆ’ ‘ಆಯ್’ ಎಂಬ ಧಾತುವಿನಿಂದ ಬಂದದ್ದು. ರಾಶಿಯಲ್ಲಿ ಒಳ್ಳೆ ಹಣ್ಣು ಆಯುವುದೂ ಆಯುವುದೇ. ಕೊಯ್ಲು ಮುಗಿದ ಗೌಡರ ಹೊಲದಲ್ಲಿ ಬಿದ್ದ ತೆನೆ ಆಯುವುದೂ, ಬೀದಿಯಲ್ಲಿ ಚಿಂದಿ ಆಯುವುದೂ ಆಯುವುದೇ. ಒಬ್ಬ ಬೇಡದ್ದನ್ನು ಬಿಟ್ಟು ಆಯುತ್ತಾನೆ, ಇನ್ನೊಬ್ಬ ಬಿಟ್ಟದ್ದನ್ನು ಆಯುತ್ತಾನೆ. ನಮ್ಮ ಮಾತಿಗೆ ಇಬ್ಬರೂ ಗೊತ್ತು. ಚಾಯ್ಸ್‌ಗೆ ಮೊದಲನೆಯವನೊಬ್ಬನೇ ಗೊತ್ತು.

ಶಾಲೆಯ ಸಂಗತಿಯನ್ನೇ ತಗೊಳ್ಳಿ. ತಲೆ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ಹೊರಟ ಮಂತ್ರಿ ಬಿ. ಬಸವಲಿಂಗಪ್ಪ 1973ರ ನವೆಂಬರಿನಲ್ಲಿ ಇದೇ ಮೈಸೂರಿನಲ್ಲಿ, ಕನ್ನಡ ಸಾಹಿತ್ಯದಲ್ಲಿ ಬೂಸಾ ಹೆಚ್ಚಿದೆ, ಇಂಗ್ಲಿಷ್ ಕಲೀರಿ ಎಂದರು. ಅಷ್ಟಕ್ಕೇ ದಲಿತ ಹುಡುಗರಿಗೆ ಏಟು ಬಿತ್ತು, ಅವರ ಮಂತ್ರಿಗಿರಿ ಹೋಯಿತು. ಅವತ್ತು ನಾವು ಇಂಗ್ಲಿಷ್ ಆರಿಸಿಕೊಂಡರೆ ದ್ರೋಹ. 2014ರಲ್ಲಿ ಸುಪ್ರೀಂ ಕೋರ್ಟು, ಕಲಿಕೆಯ ಮಾಧ್ಯಮ ಮಗುವಿನ, ಮಗುವಿನ ಪರವಾಗಿ ತಂದೆತಾಯಿಯ ಆಯ್ಕೆ ಎಂದಿತು. ಸರಿ ಸ್ವಾಮಿ, ಫೀಸು? 2009ರ ಶಿಕ್ಷಣ ಹಕ್ಕು ಕಾಯ್ದೆ ಖಾಸಗಿ ಶಾಲೆಗಳಲ್ಲಿ ಶೇಕಡ 25 ಸೀಟು ಬಡವರಿಗೆ, ಹಿಂದುಳಿದವರಿಗೆ ಎಂದಿತ್ತು. ನಮ್ಮ ರಾಜ್ಯ ನಿಯಮ ತಿದ್ದಿ, 2019-20ರ ಸಾಲಿನಿಂದ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಆ ಸೀಟು ಇಲ್ಲ ಎಂದುಬಿಟ್ಟಿತು. ಕಾಸಿದ್ದವರ ಆಯ್ಕೆಯನ್ನು ಯಾರೂ ಮುಟ್ಟಲಿಲ್ಲ.

ಸರ್ಕಾರಿ ಶಾಲೆ ಉಳಿಯಬೇಕಾದರೆ ಇದೇ ದಾರಿ ಎಂದು ನಮ್ಮ ಗೆಳೆಯರಲ್ಲೇ ಕೆಲವರು ವಾದಿಸುತ್ತಾರೆ. ಶಾಲೆ ಉಳಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಉಳಿಸುವ ಭಾರ ಕೂಲಿಯವರ ಮಕ್ಕಳ ಹೆಗಲಿಗೇ ಯಾಕೆ? ಹಾಗೆ ವಾದಿಸುವ ಮೇಷ್ಟರ, ಆಫೀಸರ ಮಕ್ಕಳು ಯಾವ ಸ್ಕೂಲಿಗೆ ಹೋಗುತ್ತಾರೆ ಅಂತ ಕೇಳಿ ನೋಡಿ. ಅದು ನಮ್ಮ ಚಾಯ್ಸ್ ಅಂತಾರೆ.