ಹೌದು ತಾತ

ವಿಜಯನಗರದ ಒಂದು ಮನೆಯ ಟೆರೇಸಿನ ಮೇಲಿನ ಒಂಟಿ ರೂಮಿನಲ್ಲಿ ನನ್ನ ವಾಸ. ಕಳೆದ ವರ್ಷ ಫೆಲೋಶಿಪ್ ಹಣ ತಿಂಗಳುಗಟ್ಟಲೆ ಬಾರದೆ ಬಾಡಿಗೆಗೆ ಪರದಾಡುತ್ತಿದ್ದಾಗ ಓನರ್ ಆಂಟಿಯೇ ಒಂದು ದಾರಿ ತೋರಿಸಿದರು. “ನಮ್ಮ ಮಾವನ್ನ ದಿನಾ ಸಂಜೆ ಪಾರ್ಕಿಗೆ ಕರ್ಕೊಂಡು ಹೋಗಿ ಬನ್ನಿ. ಬಾಡಿಗೇಲಿ ಎರಡು ಸಾವಿರ ಕಮ್ಮಿ ಕೊಡಿ.” ಮಾವನವರಿಗೆ ಆಗ ಎಂಬತ್ತು. ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನ ಕಾರ್ಖಾನೆಯೊಂದರಲ್ಲಿ ಟರ್ನರ್ ಆಗಿದ್ದು ನಿವೃತ್ತರಾದವರು. ಮಂಡಿನೋವು, ಒಂದು ಕಣ್ಣು ಮಂಜು. ಒಮ್ಮೆ ಒಬ್ಬರೇ ಹೊರಟು ಹೊಸಹಳ್ಳಿ ಮೆಟ್ರೊ ನಿಲ್ದಾಣದ ಹತ್ತಿರ ರಸ್ತೆ ದಾಟಲಾಗದೆ ಒಂದು ಗಂಟೆ ನಿಂತೇ ಇದ್ದರಂತೆ. ನಾನು ಒಪ್ಪಿಕೊಂಡೆ. ದಿನಕ್ಕೊಂದು ಗಂಟೆ, ತಿಂಗಳಿಗೆ ಎರಡು ಸಾವಿರ, ಅಂದರೆ ಗಂಟೆಗೆ ಅರವತ್ತಾರು ರೂಪಾಯಿ ಚಿಲ್ಲರೆ ಎಂದು ಮೊದಲ ದಿನವೇ ಲೆಕ್ಕ ಹಾಕಿದ್ದೆ. ಮುಚ್ಚಿಡುವುದೇಕೆ.

ಇದಾಗಿ ಮೂರ್ನಾಲ್ಕು ತಿಂಗಳಿಗೆ ಒಂದು ಇಟಾಲಿಯನ್ ಸಿನಿಮಾ ನೋಡಿದೆ. ಒರಾಯನ್ ಮಾಲಿನ ಚಿತ್ರೋತ್ಸವದಲ್ಲಿ ಸರದಿ ನಿಂತು ನೋಡಿದ್ದಲ್ಲ, ರೂಮಿನಲ್ಲೇ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು. ಫ್ರಾಂಚೆಸ್ಕೊ ಬ್ರೂನಿ ನಿರ್ದೇಶಿಸಿದ, 2017ರ ‘ತುತ್ತೊ ಕ್ವೆಲ್ಲೊ ಕೆ ವ್ವೊಯಿ’. ‘ನಿನಗೆ ಬೇಕಾದದ್ದೆಲ್ಲ’ ಎಂದು ಅರ್ಥ. ರೋಮ್‌ನ ತ್ರಾಸ್ತೆವೆರೆ ಎಂಬಲ್ಲಿ ಅಲೆಸ್ಸಾಂದ್ರೊ ಎಂಬ ಇಪ್ಪತ್ತೆರಡರ ಹುಡುಗ. ಓದು ಹತ್ತಿಲ್ಲ, ಕೆಲಸ ಮಾಡುವ ಮನಸ್ಸಿಲ್ಲ, ಗೆಳೆಯರ ಜೊತೆ ಕಾಲ ಕಳೆಯುವುದೇ ಕಸುಬು. ಅಪ್ಪನ ಒತ್ತಾಯಕ್ಕೆ ಒಂದು ಕೆಲಸಕ್ಕೆ ಸೇರುತ್ತಾನೆ: ಎಂಬತ್ತೈದರ ಕವಿ ಜಾರ್ಜೊ ಅವರನ್ನು ಮಧ್ಯಾಹ್ನದ ಹೊತ್ತು ವಾಕಿಂಗ್ ಕರೆದುಕೊಂಡು ಹೋಗುವುದು. ಸಂಬಳ ಉಂಟು. ಕವಿಗೆ ಅಲ್ಜೈಮರ್. ಇವತ್ತಿನದು ಮರೆತುಹೋಗುತ್ತದೆ, ಎರಡನೇ ಮಹಾಯುದ್ಧದ ಕಾಲದ್ದು ಹೊಳೆಯುತ್ತದೆ. ಆ ಹಳೆಯ ನೆನಪಿನಲ್ಲಿ ಎಲ್ಲೋ ಒಂದು ನಿಧಿಯ ಸುಳಿವಿದೆ ಎಂದು ಗೊತ್ತಾದಾಗ ಹುಡುಗನೂ ಅವನ ಪಟಾಲಮ್ಮೂ ಮುದುಕರನ್ನು ಕರೆದುಕೊಂಡು ಹುಡುಕಲು ಹೊರಡುತ್ತಾರೆ.

ಸಿನಿಮಾ ಶ್ರೇಷ್ಠವೇನಲ್ಲ. ಹುಡುಗರ ತಮಾಷೆಯ ಭಾಗ ಸ್ವಲ್ಪ ಸಲೀಸಾಯಿತು ಅನ್ನಿಸಿತು. ಆದರೆ ಕವಿಯ ಪಾತ್ರ ಮಾಡಿದ ಜೂಲಿಯಾನೊ ಮೊಂತಾಲ್ದೊ ಅವರ ಮುಖ ಮನಸ್ಸಿನಿಂದ ಹೋಗುವುದಿಲ್ಲ. ಅವರು ಸ್ವತಃ ದೊಡ್ಡ ನಿರ್ದೇಶಕ, 1971ರ ‘ಸಾಕ್ಕೊ ಮತ್ತು ವಾನ್‌ಜೆಟ್ಟಿ’ ಅವರದೇ. 2023ರಲ್ಲಿ ತೀರಿಕೊಂಡರು. ನನ್ನನ್ನು ಕಾಡಿದ್ದು ಮಾತ್ರ ಹುಡುಗ. ಅವನು ಮೊದಲು ಬಂದದ್ದು ದುಡ್ಡಿಗೆ, ಆಮೇಲೆ ಆಸೆಬಿದ್ದದ್ದು ನಿಧಿಗೆ. ಕಾಲಿಗೆ ಬೀಳುವುದು, ತಗ್ಗಿ ಬಗ್ಗಿ ನಡೆಯುವುದು ಯಾವುದೂ ಇಲ್ಲ. ಬೇಜಾರಾದರೆ ಬೇಜಾರನ್ನು ಮುಖದ ಮೇಲೆಯೇ ತೋರಿಸುತ್ತಾನೆ. ಆದರೂ ಅವರಿಬ್ಬರೂ ಗೆಳೆಯರಾದರು. ನಾನು ಅವನಿಗಿಂತ ಸಾವಿರ ಪಾಲು ಮರ್ಯಾದಸ್ಥ. ತಾತನ ಕೈ ಹಿಡಿದು ರಸ್ತೆ ದಾಟಿಸುತ್ತೇನೆ, ಬೆಂಚಿನ ಧೂಳು ಕರ್ಚೀಫಿನಲ್ಲಿ ಒರೆಸುತ್ತೇನೆ. ನಾವು ಗೆಳೆಯರಾಗಿರಲಿಲ್ಲ.

ಯಾಕೆ ಎಂದು ಯೋಚಿಸಿದಾಗ ನಾನು ದಿನಾ ಆಡುವ ಎರಡು ಶಬ್ದ ನೆನಪಾದವು. “ಹೌದು ತಾತ.” ಎದುರುಮನೆಯ ಹುಡುಗಿ ರಾತ್ರಿ ಹತ್ತಕ್ಕೆ ಕ್ಯಾಬಿನಲ್ಲಿ ಬಂದಿಳಿಯುವುದರ ಬಗ್ಗೆ ಅವರೇನೋ ಅಂದರು. ಹೌದು ತಾತ. ಮೀಸಲಾತಿಯಲ್ಲಿ ಕೆಲಸ ಸಿಕ್ಕವರ ಬಗ್ಗೆ ಏನೋ ಅಂದರು. ಹೂಂ ತಾತ. ಅದೇ ಮಾತನ್ನು ಜ್ಞಾನಭಾರತಿಯ ಕ್ಯಾಂಟೀನಿನಲ್ಲಿ ನನ್ನ ಓರಗೆಯವನೊಬ್ಬ ಆಡಿದ್ದರೆ ಟೀ ಆರಿ ತಣ್ಣಗಾಗುವ ತನಕ ಜಗಳವಾಡುತ್ತಿದ್ದೆ. ತಾತನ ಮುಂದೆ ಬರೀ ನಗು. ಅದನ್ನು ನಾನು ಗೌರವ ಎಂದುಕೊಂಡಿದ್ದೆ.

ಇಲಾಖೆಯ ಗೆಳತಿಯೊಬ್ಬಳ ಹತ್ತಿರ ಇದನ್ನು ಹೇಳಿದಾಗ ಅವಳು, “ಬಿಡೋ, ಎಂಬತ್ತಾಗಿದೆ. ಈಗ ತಿದ್ದಿ ಏನಾಗಬೇಕಾಗಿದೆ?” ಅಂದಳು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಆದರೆ ಆ ಕರುಣೆಯಲ್ಲಿ ಇರುವುದೇನು? ಈ ಮನುಷ್ಯನ ಲೆಕ್ಕ ಮುಗಿದಿದೆ, ಇನ್ನು ಇವನ ಅಭಿಪ್ರಾಯದಿಂದ ಯಾರಿಗೂ ಲಾಭವಿಲ್ಲ ನಷ್ಟವಿಲ್ಲ ಎಂಬ ತೀರ್ಮಾನ. ಬದುಕಿರುವಾಗಲೇ ಒಬ್ಬರ ಹೆಸರನ್ನು ರೇಷನ್ ಕಾರ್ಡಿನಿಂದ ತೆಗೆಸಿದ ಹಾಗೆ. ಹಿರಿಯರಿಗೆ ಎದುರಾಡಬೇಡ ಎಂದು ಕಲಿಸುವ ನಾವೇ ‘ಅರವತ್ತಕ್ಕೆ ಅರಳು ಮರುಳು’ ಎಂಬ ಗಾದೆಯನ್ನೂ ಮಾಡಿಟ್ಟುಕೊಂಡಿದ್ದೇವೆ. ಇವೆರಡಕ್ಕೂ ಜಗಳವಿಲ್ಲ. ಅರಳು ಮರುಳು ಎಂದು ಒಳಗೊಳಗೇ ನಂಬಿರುವುದರಿಂದಲೇ ಎದುರಾಡದೆ ಇರಲು ನಮಗೆ ಕಷ್ಟವಾಗುವುದಿಲ್ಲ.

ಕನ್ನಡದಲ್ಲಿ ಇನ್ನೊಂದು ತೊಡಕುಂಟು. ನಮ್ಮಲ್ಲಿ ಗೆಳೆಯನಿಗೆ ‘ನೀನು’, ಹಿರಿಯರಿಗೆ ‘ನೀವು’. ಬಾಯಿ ತೆರೆದ ಕೂಡಲೇ ಯಾವ ಕಡೆ ಎಂದು ಆರಿಸಿಕೊಳ್ಳಬೇಕು. ಅಪರಿಚಿತ ಮುದುಕರನ್ನು ತಾತ, ಅಜ್ಜ, ಯಜಮಾನ್ರೇ ಎನ್ನುತ್ತೇವೆ, ಕಾಲೇಜಿನಲ್ಲಾದರೆ ಮೇಷ್ಟ್ರು, ಸರ್. ನನಗಿಂತ ಐವತ್ತು ವರ್ಷ ದೊಡ್ಡವನಾದ ಗೆಳೆಯನನ್ನು ಕರೆಯಲು ಶಬ್ದವಿಲ್ಲ. ಎಲ್ಲರನ್ನೂ ನೆಂಟರನ್ನಾಗಿ ಮಾಡಿಕೊಳ್ಳುವುದು ನಮ್ಮ ದೊಡ್ಡ ಗುಣ ಎಂದು ಹೇಳುತ್ತಾರೆ, ಇದ್ದೀತು. ಆದರೆ ನೆಂಟಸ್ತಿಕೆಯ ಜೊತೆಗೆ ಅದರ ಪಾತ್ರವೂ ಬರುತ್ತದೆ. ತಾತ ಅಂದ ಮೇಲೆ ನಾನು ಮೊಮ್ಮಗ, ಮೊಮ್ಮಗ ಅಂದ ಮೇಲೆ ತಲೆ ಆಡಿಸಬೇಕು.

ಕಾರಂತರ ‘ಬೆಟ್ಟದ ಜೀವ’ (1943) ಈ ಮಟ್ಟಿಗೆ ಜಾಣ ಕಾದಂಬರಿ. ಕಾಡಿನಲ್ಲಿ ದಾರಿ ತಪ್ಪಿ ಬಂದ ಯುವಕನಿಗೆ ಗೋಪಾಲಯ್ಯ ಮನಸ್ಸು ಬಿಚ್ಚಿ ಮಾತಾಡುತ್ತಾರೆ, ಅವನನ್ನು ಬೆಟ್ಟ ಹತ್ತಿಸುತ್ತಾರೆ, ಹೊರಟರೆ ಬಿಡುವುದಿಲ್ಲ. ಮನೆ ಬಿಟ್ಟು ಹೋದ ಸ್ವಂತ ಮಗನ ಜೊತೆ ಇಷ್ಟು ಮಾತು ಎಂದಾದರೂ ಆಗಿತ್ತೇ ಎಂಬ ಸಂಶಯ ನನಗೆ. ಬಂದವನು ಮಗನಲ್ಲ, ಅತಿಥಿ, ನಾಳೆ ಹೋಗುವವನು. ಅದಕ್ಕೇ ಅಲ್ಲಿ ಸ್ನೇಹಕ್ಕೆ ಜಾಗವಾಯಿತೇನೋ.

ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದ ಎಂಟನೆಯ ಅಧ್ಯಾಯದಲ್ಲಿ ಹಿರಿಯ–ಕಿರಿಯರ ನಂಟನ್ನು ತಂದೆ–ಮಗ, ರಾಜ–ಪ್ರಜೆಯ ಸಾಲಿಗೆ ಸೇರಿಸುತ್ತಾನೆ. ಸಮವಲ್ಲದ ಸ್ನೇಹಗಳು. ಅದೇ ಅಧ್ಯಾಯದಲ್ಲಿ, ಜೊತೆಗೆ ಕೂತು ಉಪ್ಪು ಉಣ್ಣದೆ ಇಬ್ಬರು ಒಬ್ಬರನ್ನೊಬ್ಬರು ಅರಿಯಲಾರರು ಎಂಬ ಹಳೆಯ ಮಾತನ್ನೂ ನೆನೆಯುತ್ತಾನೆ. ನಮ್ಮಲ್ಲೂ ಉಪ್ಪಿನ ಮಾತಿದೆ, ಆದರೆ ಅದು ಋಣದ್ದು: ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದು. ಅವನದು ಒಟ್ಟಿಗೆ ಉಣ್ಣುವವರ ಉಪ್ಪು, ನಮ್ಮದು ಹಾಕಿದವರ ಉಪ್ಪು. ಋಣದ ಉಪ್ಪು ನಾಲಗೆಯನ್ನು ಹೇಗೆ ಕಟ್ಟುತ್ತದೆ ಎನ್ನುವುದಕ್ಕೆ ಕನ್ನಡದ ಎಲ್ಲರೂ ನೋಡಿರುವ ಒಂದು ಸಿನಿಮಾ ಇದೆ. ಆ ಸಿನಿಮಾದಿಂದಲೇ ನನಗೂ ತಾತನಿಗೂ ಜಗಳ ಹತ್ತಿದ್ದು.

1972ರ ಕೊನೆಯಲ್ಲಿ ಬಂದ ‘ನಾಗರಹಾವು’. ತ.ರಾ.ಸು. ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ ಮಾಡಿದ್ದು. ಒಂದು ಸಂಜೆ ತಾತ ಅದರ ಮಾತು ತೆಗೆದರು. ಮದುವೆಯಾದ ಹೊಸತರಲ್ಲಿ ಹೆಂಡತಿಯ ಜೊತೆ ಮೆಜೆಸ್ಟಿಕ್ಕಿಗೆ ಹೋಗಿ ನೋಡಿದರಂತೆ. “ಆಗ ನನಗೂ ನಿಮ್ಮಷ್ಟೇ ವಯಸ್ಸು ಡಾಕ್ಟ್ರೇ” ಅಂದರು. ನನ್ನ ಪಿಎಚ್.ಡಿ. ಮುಗಿಯುವ ಮೊದಲೇ ನನ್ನನ್ನು ಡಾಕ್ಟ್ರು ಮಾಡಿದವರು ಅವರು. “ಚಾಮಯ್ಯ ಮೇಷ್ಟ್ರು ಬಿದ್ದಾಗ ಥಿಯೇಟರಲ್ಲೇ ಅತ್ತುಬಿಟ್ಟೆ. ಎಂಥಾ ಮನುಷ್ಯ! ಆ ಹುಡುಗ ಹಾಳಾಗಬಾರದು ಅಂತ ಪ್ರಾಣ ಕೊಟ್ಟ.”

ಹೌದು ತಾತ ಎನ್ನುವುದು ಬಾಯಿ ತುದಿಯಲ್ಲಿತ್ತು. ಯಾಕೋ ಅವತ್ತು ಬರಲಿಲ್ಲ. “ಅಲ್ಲ ತಾತ, ಆ ಹುಡುಗ ಹಾಳಾಗಿದ್ದೇ ಚಾಮಯ್ಯ ಮೇಷ್ಟ್ರಿಂದ” ಅಂದುಬಿಟ್ಟೆ.

ಇದು ನನ್ನ ದೃಢ ಅಭಿಪ್ರಾಯ, ಇಲ್ಲೂ ಹೇಳಿಬಿಡುತ್ತೇನೆ. ಅಶ್ವತ್ಥ್ ಅವರ ಚಾಮಯ್ಯ ಕನ್ನಡ ಚಿತ್ರರಂಗದ ಅತ್ಯಂತ ಪ್ರೀತಿಯ ಮೇಷ್ಟ್ರು. ಮಕ್ಕಳಿಲ್ಲದ ಮನೆ, ಹೆಂಡತಿ ತುಂಗಾ, ಊರೆಲ್ಲ ಬೈಯುವ ರಾಮಾಚಾರಿಗೆ ಪ್ರೀತಿ ಸಿಗುವ ಮನೆ. ಆ ಒರಟ ಹುಡುಗ ತಲೆ ಬಗ್ಗಿಸುವುದು ಅವರ ಮುಂದೆ. ಮೇಷ್ಟ್ರು ಅದನ್ನು ಏನು ಮಾಡಿದರು? ಅಲಮೇಲುವನ್ನು ಅವನು ಪ್ರೀತಿಸಿದಾಗ ಕುಲ, ಸಂಪ್ರದಾಯದ ಮಾತು ಹೇಳಿ ಬಿಟ್ಟುಕೊಡಿಸಿದರು. ಅವನು ವಾದಕ್ಕೆ ಸೋತು ಬಿಡಲಿಲ್ಲ, ಮೇಷ್ಟ್ರು ಹೇಳಿದರು ಅಂತ ಬಿಟ್ಟ. ಬೇರೆಯವನನ್ನು ಮದುವೆಯಾದ ಅಲಮೇಲು ಕೊನೆಗೆ ಮೈ ಮಾರಿಕೊಳ್ಳುವ ಸ್ಥಿತಿಯಲ್ಲಿ ಅವನ ಕಣ್ಣಿಗೆ ಬೀಳುತ್ತಾಳೆ. ಮುಂದೆ ಮಾರ್ಗರೆಟ್. ಚಿತ್ರದುರ್ಗದ ಬಂಡೆಯ ಮೇಲೆ ಮೇಷ್ಟ್ರು ಮತ್ತೆ ಅದೇ ಋಣದ ಹಗ್ಗ ಎಳೆಯುತ್ತಾರೆ. ಈ ಸಲ ರಾಮಾಚಾರಿ ತಳ್ಳುತ್ತಾನೆ. ಮೇಷ್ಟ್ರು ಬೀಳುತ್ತಾರೆ, ಆಮೇಲೆ ಅವನೂ ಮಾರ್ಗರೆಟ್ಟೂ ಹಾರುತ್ತಾರೆ.

ಆ ತಳ್ಳುವಿಕೆಯನ್ನು ನಾವು ಹಾವಿನ ರೋಷ ಎಂದು ಓದುತ್ತೇವೆ. ನನಗೆ ಅದು ಅಷ್ಟೂ ವರ್ಷ ಬಾಯಿಗೆ ಬಾರದೆ ಉಳಿದ ಒಂದು ‘ಇಲ್ಲ ಮೇಷ್ಟ್ರೇ’. ಅಲಮೇಲುವಿನ ವಿಷಯದಲ್ಲೇ ಅದು ಮಾತಾಗಿ ಬಂದಿದ್ದರೆ? ಮೇಷ್ಟ್ರಿಗೆ ನೋವಾಗುತ್ತಿತ್ತು, ನಾಲ್ಕು ದಿನ ಮುನಿಸಿಕೊಳ್ಳುತ್ತಿದ್ದರು, ತುಂಗಮ್ಮ ಇಬ್ಬರಿಗೂ ಊಟಕ್ಕೆ ಹಾಕುತ್ತಿದ್ದರು. ಮಾತಿನಲ್ಲಿ ಇಲ್ಲ ಅನ್ನುವ ದಾರಿ ಮುಚ್ಚಿದ್ದರಿಂದ ಅದು ಕೈಯಲ್ಲಿ ಬಂತು. ಚಾಮಯ್ಯನವರ ಪ್ರೀತಿ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಪ್ರೀತಿ ನಿಜವಾಗಿದ್ದರಿಂದಲೇ ಅವರ ಮಾತಿಗೆ ಅಷ್ಟು ಬಲ ಬಂದದ್ದು. ಆ ಬಲವನ್ನು ತರ್ಕದ ಬದಲಿಗೆ ಬಳಸಿದರು, ಅದೇ ತಪ್ಪು.

ಇಷ್ಟನ್ನೂ ಪಾರ್ಕಿನ ಬೆಂಚಿನ ಮೇಲೆ ತಾತನಿಗೆ ಹೇಳಿದೆ. ಇಷ್ಟು ನೆಟ್ಟಗೆ ಹೇಳಲಿಲ್ಲ, ದನಿ ಏರಿತ್ತು. ಅವರು ಕೇಳಿ, “ನಿಮಗೂ ಮಕ್ಕಳಾಗಲಿ, ಆಗ ಗೊತ್ತಾಗುತ್ತೆ” ಅಂದರು. ನಾನು, “ನಿಮ್ಮ ಕಾಲ ಬೇರೆ ಬಿಡಿ ತಾತ” ಅಂದೆ.

ಆ ರಾತ್ರಿ ಅವರ ಮಾತಿಗಿಂತ ನನ್ನ ಮಾತೇ ಹೆಚ್ಚು ಚುಚ್ಚಿತು. ಅವರದು ವಯಸ್ಸಿನ ತುರುಪಿನೆಲೆ: ನನ್ನ ಹತ್ತಿರ ಇರುವ ಸಾಕ್ಷಿ ನಿನ್ನ ಹತ್ತಿರ ಇಲ್ಲ, ಆದ್ದರಿಂದ ಸುಮ್ಮನಿರು. ಅದರಲ್ಲಿ ಅರ್ಧ ಸತ್ಯವಾದರೂ ಇದೆ. ನನಗೆ ಮಕ್ಕಳಿಲ್ಲ, ಕಣ್ಣೆದುರೇ ಒಬ್ಬ ಹುಡುಗ ಕೆಡುವುದನ್ನು ನೋಡುವ ಸಂಕಟ ನನಗೆ ಗೊತ್ತಿಲ್ಲ. ಆದರೆ ‘ನಿಮ್ಮ ಕಾಲ ಬೇರೆ’ ಎನ್ನುವುದಕ್ಕೆ ಆ ಅರ್ಧ ಸತ್ಯವೂ ಇಲ್ಲ. ಅವರು ಇವತ್ತೂ ಬದುಕಿದ್ದಾರೆ. ನಾನು ಕುಡಿಯುವ ಕಾವೇರಿ ನೀರನ್ನೇ ಕುಡಿಯುತ್ತಾರೆ, ಮೊನ್ನೆ ವೋಟು ಹಾಕಿ ಬಂದು ಶಾಯಿಯ ಬೆರಳು ತೋರಿಸಿದ್ದರು. ಅವರ ಕಾಲ ಎಂದು ನಾನು ಹೇಳಿದ್ದು ಅವರನ್ನು ಈ ಕಾಲದಿಂದ ಹೊರಗೆ ಕಳಿಸಲು. ಹೌದು ತಾತ ಎನ್ನುವ ನಗುವಿನಲ್ಲಿ ಇದ್ದದ್ದೂ ಅದೇ, ಅವತ್ತು ಬಾಯಿಬಿಟ್ಟು ಹೇಳಿದೆ, ಅಷ್ಟೇ ವ್ಯತ್ಯಾಸ. ಬ್ರೂನಿಯ ಸಿನಿಮಾದ ಹುಡುಗನಿಗೆ ನನ್ನ ಹಾಗೆ ತೋರಿಕೆಯ ಮರ್ಯಾದೆ ಇರಲಿಲ್ಲ. ನಿಧಿಯ ಆಸೆಗಾದರೂ ಆ ಕವಿ ಹೇಳುವುದರಲ್ಲಿ ನಿಜ ಇರಬಹುದು ಎಂದು ನಂಬಿ, ನಕ್ಷೆ ಹಿಡಿದ ಹಾಗೆ ಅದರ ಹಿಂದೆ ಹೊರಟ. ತಾತನ ಮಾತಿನ ಹಿಂದೆ ನಾನು ಒಂದು ಹೆಜ್ಜೆಯೂ ಹೋಗಿರಲಿಲ್ಲ.

ನಾಲ್ಕು ದಿನ ತಾತ ವಾಕಿಂಗಿಗೆ ಬರಲಿಲ್ಲ. ಮಂಡಿನೋವು ಎಂದು ಆಂಟಿಯ ಕೈಲಿ ಹೇಳಿಸಿದರು. ಐದನೆಯ ಸಂಜೆ ಕೆಳಗಿನಿಂದ ದನಿ ಬಂತು. “ಏಯ್ ಡಾಕ್ಟ್ರೇ, ಇಳಿಯೋ ಕೆಳಗೆ. ರಾಮಾಚಾರಿ ಕೇಸು ಇನ್ನೂ ಮುಗಿದಿಲ್ಲ.” ‘ನೀವು’ ಹೋಗಿ ‘ನೀನು’ ಬಂದಿತ್ತು. ನಾನು ಇವತ್ತಿಗೂ ನೀವು ಎಂದೇ ಅನ್ನುತ್ತೇನೆ, ನಾಲಗೆ ತಿರುಗುವುದಿಲ್ಲ. ಸಮ ಎನ್ನುವುದು ಸರ್ವನಾಮದಲ್ಲಿ ಇರಲೇಬೇಕಾಗಿಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೇನೆ.

ಫೆಲೋಶಿಪ್ ಬಂದ ಮೇಲೆ ಪೂರ್ತಿ ಬಾಡಿಗೆ ಕೊಡಲು ಹೋದೆ. ಗೆಳೆಯನ ಜೊತೆ ನಡೆಯಲು ದುಡ್ಡು ತೆಗೆದುಕೊಳ್ಳುವುದೇ ಎಂಬ ಮುಜುಗರ. ಆಂಟಿ ಎರಡು ಸಾವಿರ ಎಣಿಸಿ ವಾಪಸು ಕೊಟ್ಟರು. “ನಿಮ್ಮ ಹತ್ರ ಜಗಳ ಆಡ್ಕೊಂಡು ಬಂದ ದಿನ ಮಾವ ಒಂದು ಮುದ್ದೆ ಜಾಸ್ತಿ ಉಣ್ತಾರೆ.” ನಾನೂ ಬೇಡ ಎನ್ನಲಿಲ್ಲ. ಆ ದುಡ್ಡನ್ನು ಈಗಲೂ ಉಳಿಸಿಕೊಳ್ಳುತ್ತಿದ್ದೇನೆ, ಅದರ ಬಗ್ಗೆ ನನ್ನ ಹತ್ತಿರ ಒಳ್ಳೆಯ ಸಮರ್ಥನೆ ಇಲ್ಲ.

ಚಾಮಯ್ಯನವರ ಬಗ್ಗೆ ತಾತ ಮನಸ್ಸು ಬದಲಿಸಿಲ್ಲ, ನಾನೂ ಇಲ್ಲ. ಕಳೆದ ವಾರ ಮಳೆ ನಿಂತ ಮೇಲೆ ಒದ್ದೆ ಬೆಂಚಿನ ಮೇಲೆ ಪ್ಲಾಸ್ಟಿಕ್ ಕವರು ಹಾಸಿಕೊಂಡು ಕೂತಿದ್ದೆವು. ಬಹಳ ಹೊತ್ತು ಸುಮ್ಮನಿದ್ದವರು ಕೇಳಿದರು: “ಮೇಷ್ಟ್ರೂ ಹೋದ್ರು, ಹುಡುಗನೂ ಹೋದ. ತಪ್ಪು ಅವರದೋ ಇವನದೋ ಅಂತ ನೀನೂ ನಾನೂ ಕಿತ್ತಾಡ್ತಿದೀವಿ. ಆ ತುಂಗಮ್ಮ? ಅವತ್ತು ಸಾಯಂಕಾಲ ಮನೇಲಿ ದೀಪ ಹಚ್ಚಿ ಕಾಯ್ತಾ ಇದ್ದಿರಬೇಕಲ್ಲ. ಆಮೇಲೆ ಅಷ್ಟು ವರ್ಷ ಒಬ್ಬಳೇ ಆ ಮನೇಲಿ ಏನು ಮಾಡಿರ್ತಾಳೆ?”

ತಾತನ ಹೆಂಡತಿ ಹೋಗಿ ಒಂಬತ್ತು ವರ್ಷ. ‘ನಾಗರಹಾವು’ ಎಷ್ಟು ಸಲ ನೋಡಿದ್ದೇನೋ, ಆ ಪ್ರಶ್ನೆ ನನಗೆ ಎಂದೂ ಬಂದಿರಲಿಲ್ಲ. ಗೊತ್ತಿಲ್ಲ ತಾತ, ಅಂದೆ.